ಕುರ್ಚಿಯ ತಗ್ಗು

ಸಾಹಿತ್ಯ ಪಾಠ ಹೇಳುವುದು ನನ್ನ ಕಸುಬು; ಕಂಡವರ ಮನೆಗಳ ಒಳಾಂಗಣ ಅಂದಗೊಳಿಸುವುದು ನನ್ನವಳ ಕಸುಬು. ಹೀಗಿರುವಾಗ ನಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ನೀವು ಕೇಳಬಾರದು, ನಾನು ಹೇಳಬಾರದು. ನಮ್ಮ ಬಿಳಿ ಸೋಫಾದ ಮೇಲೆ ಕೂರಬೇಕಾದರೆ ಬಟ್ಟೆ, ಮನಸ್ಸು ಎರಡೂ ಶುಭ್ರವಾಗಿರಬೇಕು. (ನನಗೆ ಎರಡೂ ಕಷ್ಟ.)

ನನಗೆಂದು ಉಳಿದಿದ್ದ ಸಾಮ್ರಾಜ್ಯ ಒಂದೇ: ಕಿಟಕಿ ಪಕ್ಕದ ಹಳೇ ಕುರ್ಚಿ. ಬಟ್ಟೆ ಹರಿದಿತ್ತು, ಮುರಿದ ಕಾಲಿನ ಕೆಳಗೆ ನಿಘಂಟಿನ ದಪ್ಪ ಸಂಪುಟವೊಂದಿತ್ತು. ಆದರೆ ಕೂತು ಕೂತು ಬಿದ್ದ ತಗ್ಗು ಇತ್ತಲ್ಲ, ಅದು ನನ್ನ ಅಳತೆಗೇ ಹೊಲಿಸಿದಂತಿತ್ತು.

"ರೀ, ನಾಳೆ ಪತ್ರಿಕೆಯಿಂದ ನಮ್ಮನೆ ಫೋಟೋ ತೆಗೆಯೋಕೆ ಬರ್ತಾರೆ. ಆ ಪಳೆಯುಳಿಕೇನ ಗುಜರಿಗೆ ಹಾಕಿ."

"ಹಾಗಾದ್ರೆ ನನ್ನನ್ನೂ ಜೊತೆಗೇ ಹಾಕು."

"ಗುಜರಿಯವರೂ ನೋಡಿ ತಗೋತಾರೆ ಕಣ್ರೀ."

ನನಗೆ ನಿಜಕ್ಕೂ ರೇಗಿಹೋಯಿತು. ಮರುದಿನ ಬೆಳಿಗ್ಗೆಯೇ ಕುರ್ಚಿಯಲ್ಲಿ ಧರಣಿ ಕೂತುಬಿಟ್ಟೆ. ಫೋಟೋ ತೆಗೆಯುವಾಕೆ ಬಂದಳು, ಮನೆಯೆಲ್ಲ ಸುತ್ತಿದಳು, ಮುಖ ಸಪ್ಪಗೆ ಮಾಡಿದಳು.

"ಎಲ್ಲಾ ಚೆನ್ನಾಗಿದೆ ಮೇಡಂ. ಆದ್ರೆ ಇಲ್ಲಿ ಜನ ಇರ್ತಾರೆ ಅಂತ ಅನ್ಸೋದೇ ಇಲ್ಲ."

ಇದಕ್ಕಿಂತ ಸುಸಂದರ್ಭ ಬೇಕೆ? ಗಂಟಲು ಸರಿಮಾಡಿಕೊಂಡೆ. "ಮನೆ ಅಂದ್ರೆ ಗೋಡೆ ಅಲ್ಲಮ್ಮ. ಸೋತು ಬಂದವನನ್ನ ಯಾಕೆ, ಏನು ಅಂತ ಕೇಳದೆ ಕೂರಿಸಿಕೊಳ್ಳೋ ಜಾಗ. ಕಾವ್ಯದಲ್ಲಿ ಲೋಕ ಗೆದ್ದ ವೀರರೂ ಕೊನೆಗೆ ಹಂಬಲಿಸೋದು ಇಂಥ ಒಂದು ತಗ್ಗಿಗೇ!"

ಫೋಟೋದಾಕೆಯ ಕಣ್ಣು ಅರಳಿತು. ನನ್ನವಳ ಕಣ್ಣು ತುಂಬಿತು. ಮದುವೆಯಾದ ಮೇಲೆ ನನ್ನ ಭಾಷಣವನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು, ನನಗೂ ಎದೆ ತುಂಬಿ ಬಂತು.

"ಸ್ವಲ್ಪ ಏಳಿ ಸರ್, ತಗ್ಗು ಕಾಣಬೇಕು" ಎಂದಳು ಫೋಟೋದಾಕೆ. ಎದ್ದೆ. ಅದೇ ಕೊನೆ, ಮತ್ತೆ ಕೂರಲಿಲ್ಲ.

ಕುರ್ಚಿಯ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬಂತು. ಈಗ ಅದಕ್ಕೆ ಹೊಸ ಕಾಲು, ಕೆಳಗೊಂದು ಪೀಠ, ಮೇಲೊಂದು ದೀಪ. ಮನೆ ಕಟ್ಟಿಸುವವರೆಲ್ಲ ಬಂದು ನೋಡಿ, ತಮಗೂ ಅಂಥದೇ ತಗ್ಗು ಬೇಕೆನ್ನುತ್ತಾರೆ. ನಿನ್ನೆ ಸಂಜೆ ಕಾಲೇಜಿನಿಂದ ಸೋತು ಬಂದು ಕೂರಲು ಹೋದೆ.

"ಅಯ್ಯೋ, ಕೂರಬೇಡಿ! ತಗ್ಗು ಕೆಡುತ್ತೆ!"

"ಅದು ನನ್ನದೇ ತಗ್ಗು ಕಣೇ!"

"ಆಗ ನಿಮ್ಮದೇ. ಈಗ ನೀವು ದಪ್ಪ ಆಗಿದ್ದೀರಿ."

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಕುರ್ಚಿಗೆ ಹೊಸ ಕಾಲು ಬಂದಿದ್ದರಿಂದ ನಿಘಂಟಿಗೆ ಬಿಡುಗಡೆಯಾಗಿದೆ. ಅದನ್ನು ಮೂಲೆಯಲ್ಲಿಟ್ಟು, ಅದರ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. 'ಮನೆ' ಎಂಬುದಕ್ಕೆ ಅದರಲ್ಲಿ ಏನರ್ಥ ಕೊಟ್ಟಿದ್ದಾರೋ ನೋಡೋಣವೆಂದರೆ, ಎದ್ದರೆ ಈ ಜಾಗವೂ ಹೋದೀತೆಂಬ ಭಯ.