ಒಂದೇ ಗಂಟಲಿನ ತಾತ, ರಾಕ್ಷಸ, ನಾಯಿ

ಏಕಾಂಬರಂಗೆ ಕುತ್ತು ತಂದದ್ದು ಒಂದು ಅಂಚೆ ಕಾರ್ಡು.

ಈ ಕಾಲದಲ್ಲೂ ಕಾರ್ಡು ಬರೆಯುವ ಪುಣ್ಯಾತ್ಮರು ಇದ್ದಾರೆಯೇ ಅಂತ ನೀವು ಕೇಳಬಹುದು. ಚೆನ್ನೈನ ಸಾಲಿಗ್ರಾಮಂನಲ್ಲಿರುವ ಡಬ್ಬಿಂಗ್ ಸ್ಟುಡಿಯೋದ ಮ್ಯಾನೇಜರ್ ಧನಶೇಖರನ್ ಕೂಡ ಬೆಳಿಗ್ಗೆ ಒಂಬತ್ತಕ್ಕೆ ಅದನ್ನೇ ಕೇಳಿಕೊಳ್ಳುತ್ತಾ ಕೂತಿದ್ದರು.

"ಯಾರೋ ಮನೆಹಾಳರು ಚಾನೆಲ್ಲಿಗೆ ಕಾರ್ಡು ಹಾಕಿದ್ದಾರೆ ಏಕಾಂಬರಂ. ಕಾರ್ಡು ನಾನು ನೋಡಿಲ್ಲ. ಅದರ ಸಾರಾಂಶ ಮಾತ್ರ ಮುಂಬಯಿಯಿಂದ ಬಂದಿದೆ. ತಾತ, ರಾಕ್ಷಸ, ನಾಯಿ ಮೂರಕ್ಕೂ ಒಬ್ಬನೇ ಮಾತಾಡ್ತಾನೆ, ನಮಗೇನು ಕಿವಿ ಕೇಳಲ್ವಾ, ಬದಲಾಯಿಸಿ ಅಂತ ಬರೆದಿದ್ದಾರಂತೆ."

"ಬರೀ ಮೂರೇ ಹೇಳಿದ್ದಾರಾ ಸಾರ್?" ಏಕಾಂಬರಂನ ಮುಖ ಅರಳಿತು. "ಹಾಗಾದ್ರೆ ಮಿಕ್ಕ ಎಂಟು ಗೊತ್ತೇ ಆಗಿಲ್ಲ!"

ಧನಶೇಖರನ್ ಹಣೆ ಹಣೆ ಚಚ್ಚಿಕೊಂಡರು. ಆದರೆ ಏಕಾಂಬರಂ ಜಂಬ ಪಟ್ಟದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. 'ಹಿಮಗಿರಿಯ ಖಡ್ಗ' ಎಂಬ ಆ ಜಪಾನಿ ಕಾರ್ಟೂನ್ ಧಾರಾವಾಹಿ ದಿನಾ ಸಂಜೆ ಐದೂವರೆಗೆ ತಮಿಳಲ್ಲಿ ಬರುತ್ತದೆ. ಅದರಲ್ಲಿ ಹನ್ನೊಂದು ಜನಕ್ಕೆ ಈತನೇ ಬಾಯಿ. ಅದು ಮುಗಿದ ಮೇಲೆ ಬರುವ ಇನ್ನೆರಡು ಧಾರಾವಾಹಿಗಳಲ್ಲೂ ಸಾಯುವವನು, ಸಾಯಿಸುವವನು, ಹೆಣ ಹೊರುವವನು ಎಲ್ಲ ಈತನೇ. ಏಳು ವರ್ಷದಿಂದ ತಮಿಳುನಾಡಿನ ಮಕ್ಕಳನ್ನು ಹೆದರಿಸಿದವನು, ನಗಿಸಿದವನು, ಬುದ್ಧಿ ಹೇಳಿದವನು ಈ ಐವತ್ತು ವರ್ಷದ ಬೋಳುತಲೆ. ತಾಂಬರಂ ಬಸ್ಸಿನಲ್ಲಿ ಈತ ಒಮ್ಮೆ ಸೀನಿದ್ದಕ್ಕೆ ಮೂರು ಮಕ್ಕಳು ತಿರುಗಿ ನೋಡಿ ಅಮ್ಮನ ಸೆರಗು ಹಿಡಿದಿದ್ದವು. ಮುಖ ನೋಡಿ ಯಾರೂ ಗುರುತು ಹಿಡಿದಿಲ್ಲ, ಆ ಮಾತು ಬೇರೆ.

"ತೊಕುಬೆ ತಾತನ್ನ ಬೇರೆಯವರಿಗೆ ಕೊಡಬೇಕಂತೆ," ಅಂದರು ಧನಶೇಖರನ್. "ಜಾಸ್ತಿ ಮಾತಾಡೋನು ಅವನೇ ಅಲ್ವಾ, ಅವನ್ನ ಬದಲಾಯಿಸಿದ್ರೆ ಎದ್ದು ಕಾಣುತ್ತೆ ಅಂತ. ರಾಕ್ಷಸ, ನಾಯಿ ನಿಮಗೇ ಇರಲಿ. ಮೂರು ಗಂಟೆಗೆ ಮುಂಬಯಿಯಿಂದ ಚಾನೆಲ್ಲಿನ ಭರೂಚಾ ಬರ್ತಾರೆ, ಹೊಸ ದನಿ ಆರಿಸ್ತಾರೆ."

ರಾಕ್ಷಸನನ್ನು ಕಿತ್ತುಕೊಂಡಿದ್ದರೆ, ನಾಯಿಯನ್ನು ಕಿತ್ತುಕೊಂಡಿದ್ದರೆ ಏಕಾಂಬರಂಗೆ ಒಂದು ದಿನದ ಬೇಜಾರು. ತಾತ ಹಾಗಲ್ಲ. ತಾತನ ದನಿ ಏಕಾಂಬರಂ ಕಲ್ಪಿಸಿಕೊಂಡದ್ದೇ ಅಲ್ಲ, ಅದು ಅವನ ತೀರಿಕೊಂಡ ಅಪ್ಪನ ದನಿ. ಅಪ್ಪ ಕುಂಭಕೋಣಂನ ಬಸ್ ಕಂಡಕ್ಟರ್. ಮೂವತ್ತು ವರ್ಷ ಸ್ಟಾಪುಗಳ ಹೆಸರು ಕೂಗಿ ಕೂಗಿ ಒಡೆದುಹೋದ, ಕೊನೆಯಲ್ಲಿ ಸ್ವಲ್ಪ ಎಳೆಯುವ ಗಂಟಲು. ಅದನ್ನೇ ತಾತನಿಗೆ ಇಟ್ಟ. ಬಿಗಿ ಮಾಡಿದರೆ ನಾಯಿಯಾಯಿತು, ಸಡಿಲ ಬಿಟ್ಟರೆ ರಾಕ್ಷಸನಾದ. ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಣಿಯಾರ ಮಾಡಿದ ಹಾಗೆ.

ಮನೆಯಲ್ಲಿ ಇರುವುದು ತಾಯಿ, ಮಗ ಇಬ್ಬರೇ. ಎಪ್ಪತ್ತೆಂಟು ವರ್ಷದ ಕೋಮಳಮ್ಮಾಳ್ ಸಂಜೆ ಐದಕ್ಕೇ ಮುಖ ತೊಳೆದು, ವಿಭೂತಿ ಇಟ್ಟು, ಮಡಿಸಿದ ಸೀರೆ ಉಟ್ಟು ಟಿವಿ ಮುಂದೆ ಕೂರುತ್ತಾರೆ. ತೊಕುಬೆ ತಾತ ಹುಡುಗನಿಗೆ ಖಡ್ಗ ಹಿಡಿಯುವುದನ್ನು ಹೇಳಿಕೊಟ್ಟರೆ ಇವರು "ಹೂಂ, ಹೂಂ" ಅನ್ನುತ್ತಾರೆ. ತಾತ ಕೆಮ್ಮಿದರೆ "ಬಿಸಿನೀರು ಕುಡೀಬಾರದಾ?" ಅನ್ನುತ್ತಾರೆ. ಆ ಅರ್ಧ ಗಂಟೆ ಹೋದರೆ ಅಮ್ಮನಿಗೆ ಸಂಜೆಯೇ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೈಥಿಲಿ ಅಕ್ಕ ಕಾಳುಮೆಣಸಿನ ಕಷಾಯ ಕುಡಿಯುತ್ತಾ ಕೂತಿದ್ದರು. ವಯಸ್ಸು ಐವತ್ತೆಂಟು, ಮಂಡಿ ನೋವು, ಇಬ್ಬರು ಮೊಮ್ಮಕ್ಕಳು. ಧಾರಾವಾಹಿಯಲ್ಲಿ ಹತ್ತು ವರ್ಷದ ವೀರ ಬಾಲಕನಾಗಿ ಬೆಟ್ಟದಿಂದ ಬೆಟ್ಟಕ್ಕೆ ಹಾರುವವರು ಅವರೇ.

"ಅಳ್ತಾ ಕೂತ್ರೆ ತಾತ ಬರ್ತಾನೇನೋ?" ಅಂದರು ಅಕ್ಕ. "ಪರೀಕ್ಷೇಲಿ ಮೈಕ್ ಮುಂದೆ ಹೆಸರು ಹೇಳೋ ಹಾಗಿಲ್ಲ, ನಂಬರ್ ಮಾತ್ರ. ಪಟ್ಟೀಲಿ ಬೇರೆ ಹೆಸರು ಬರೆಸಿ ನೀನೇ ನಿಂತ್ಕೋ. ದನಿ ಬದಲಾಯಿಸಿ ಮಾತಾಡು. ಗೆದ್ದ ಮೇಲೆ ದಿನಕ್ಕೊಂದು ಚೂರು ಹಳೇ ದನಿಗೆ ಜಾರ್ತಾ ಹೋಗು. ಆ ಭರೂಚಾಗೆ ತಮಿಳು ಸರಿಯಾಗಿ ಬರಲ್ಲ, ಅವನಿಗೇನು ಗೊತ್ತಾಗುತ್ತೆ?"

"ಯಾರ ಹೆಸರಲ್ಲಿ ಅಕ್ಕಾ?"

ಅಕ್ಕ ಎದುರಿನ ಬಜ್ಜಿ ಅಂಗಡಿ ಕಡೆ ಗಲ್ಲ ಎತ್ತಿ ತೋರಿಸಿದರು. ಅಂಗಡಿಯ ಚೊಕ್ಕಲಿಂಗಂ ಎಣ್ಣೆ ಜಾಲರಿ ಹಿಡಿದುಕೊಂಡೇ ಓಡಿಬಂದ. ವಿಷಯ ಕೇಳಿ ಅವನ ಕಣ್ಣಲ್ಲಿ ನೀರು ಬಂತು.

"ನನ್ನ ಹೆಸರು ಸ್ಟುಡಿಯೋ ಒಳಗೆ ಹೋಗುತ್ತಾ ಅಣ್ಣಾ? ಹದಿನೆಂಟು ವರ್ಷದಿಂದ ನನ್ನ ಬಜ್ಜಿ ಮಾತ್ರ ಹೋಗ್ತಿತ್ತು!"

ದನಿ ಬದಲಾಯಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಹೊಸದಾಗಿ ಏನು ಮಾಡಿದರೂ ಅದು ಹನ್ನೊಂದರಲ್ಲಿ ಒಂದಾಗುತ್ತಿತ್ತು. ಮೂಗಿನಲ್ಲಿ ಮಾತಾಡಿದ. "ಇದು ನಿನ್ನ ಕಪ್ಪೆ ಮಂತ್ರಿ," ಅಂದರು ಅಕ್ಕ. ಪಿಸುಗುಟ್ಟಿದ. "ಇದು ಮಂಗಳವಾರ ಸತ್ತ ಗೂಢಚಾರ." ಕೊನೆಗೆ ಹಸಿವಾಗಿ ಬಾಳೇಕಾಯಿ ಬಜ್ಜಿಯೊಂದನ್ನು ಎಡದವಡೆಗೆ ಒತ್ತರಿಸಿಕೊಂಡು "ಆಗಲ್ಲ ಅಕ್ಕಾ, ಬಿಡಿ" ಅಂದ ನೋಡಿ, ಮೈಥಿಲಿ ಅಕ್ಕ ಲೋಟ ಕೆಳಗಿಟ್ಟರು.

"ಇದು! ಇದನ್ನ ನಾನು ಯಾವತ್ತೂ ಕೇಳಿಲ್ಲ! ಬಜ್ಜಿ ನುಂಗಬೇಡ ಕಣೋ!"

ಮೂರು ಗಂಟೆಗೆ ಏಳು ಜನ ಸಾಲಾಗಿ ನಿಂತರು. ಏಕಾಂಬರಂದು ಕೊನೇ ನಂಬರ್. ಭರೂಚಾ ಮೇಲಿನ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಧನಶೇಖರನ್. ಕೆಳಗೆ ಮೈಕಿನ ಮುಂದೆ ಯಾರಿದ್ದಾರೆಂದು ಅವರಿಗೆ ಕಾಣುವ ಹಾಗಿರಲಿಲ್ಲ. ಕೊಟ್ಟ ಸಾಲು ಒಂದೇ. ತಾತ ಹುಡುಗನನ್ನು ಕಳಿಸಿಕೊಡುವಾಗ ಹೇಳುವ ಮಾತು: "ಹೋಗು ಮಗನೇ, ದಾರಿ ತಪ್ಪಿದರೆ ವಾಪಸ್ ಬಾ, ಬಾಗಿಲು ತೆಗೆದೇ ಇರುತ್ತೆ."

ಮೊದಲು ಕೋದಂಡಂ ಒಳಗೆ ಹೋದ. ಏಳು ವರ್ಷದಿಂದ ಗುಂಪಿನ ಗಲಾಟೆಯಲ್ಲಿ 'ಹೋ' ಅಂದು ಕೂಗುವುದೇ ಅವನ ಕೆಲಸ. ಬಾಗಿಲಿನ ಸಂದಿಯಿಂದ ಅವನ ಮಾತು ಕೇಳಿ ಏಕಾಂಬರಂ ಬಾಗಿಲಿಗೇ ಕಿವಿ ಹಚ್ಚಿ ನಿಂತ. ಅದೇ ಒಡಕು, ಅದೇ ಎಳೆತ. ಕುಂಭಕೋಣಂ ಬಸ್ಸಿನ ಮೆಟ್ಟಿಲ ಮೇಲೆ ಅಪ್ಪ ನಿಂತಂತಾಯಿತು. ಎರಡನೆಯವನು ಹೋದ, ಅದೇ ದನಿ. ಮೂರನೆಯವನದೂ ಅದೇ. ಹೊಸ ದನಿ ಬೇಕೆಂದು ಬೋರ್ಡು ಹಾಕಿದ್ದರೂ ಆರಕ್ಕೆ ಆರು ಜನವೂ ಹಳೇ ದನಿಯನ್ನೇ ಮಾಡಿ ಹೊರಗೆ ಬಂದರು. ತೊಕುಬೆ ತಾತ ಅಂದಮೇಲೆ ಇನ್ನು ಹೇಗೆ ಮಾತಾಡುವುದು ಅಂತ ಒಬ್ಬನಿಗೂ ಹೊಳೆದಿರಲಿಲ್ಲ.

"ಎಲ್ಲಿ ಕಲಿತೆ ಕೋದಂಡಂ?" ಏಕಾಂಬರಂ ಅವನ ತೋಳು ಹಿಡಿದು ಕೇಳಿದ.

ಕೋದಂಡಂ ನಾಚಿ ತಲೆ ಕೆರೆದುಕೊಂಡ. "ನೀವು ಮೈಕ್ ಮುಂದೆ ನಿಂತಾಗ ಗಾಜಿನ ಹಿಂದೆ ನಿಂತು ಕೇಳ್ತಿದ್ದೆ ಅಣ್ಣಾ. ಮನೇಲಿ ಸ್ನಾನ ಮಾಡ್ತಾ ಮಾಡ್ತಾ ಕಲಿತೆ. ನಮ್ಮ ಪಾಲಿಗೆ ನೀವೇ ಪಾಠಶಾಲೆ. ತಪ್ಪಾಗಿದ್ರೆ ಬೈದುಬಿಡಿ."

ಬೈಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಒಂದೇ ಮಧ್ಯಾಹ್ನ ಅಪ್ಪ ಆರು ಸಲ ಬಂದು ಹೋಗಿದ್ದ. ಸುಮ್ಮನೆ ಕೋದಂಡಂಗೆ ಬಿಟ್ಟುಕೊಟ್ಟರೆ ಅಮ್ಮನಿಗೆ ಅದೇ ದನಿ ಸಿಗುತ್ತದಲ್ಲ ಅಂತ ಒಂದು ಗಳಿಗೆ ಅನ್ನಿಸಿತು ಕೂಡ. ಅಷ್ಟರಲ್ಲಿ ಮೈಥಿಲಿ ಅಕ್ಕ ಅವನ ದವಡೆಗೆ ಬಿಸಿ ಬಜ್ಜಿ ತುರುಕಿ, ಒಳಗೆ ನೂಕಿ ಬಾಗಿಲು ಹಾಕಿದರು.

ಹತ್ತು ನಿಮಿಷದಲ್ಲಿ ಧನಶೇಖರನ್ ಮೆಟ್ಟಿಲು ಇಳಿದು ಬಂದರು, ಹಿಂದೆಯೇ ಭರೂಚಾ.

"ಆರು ಜನ ಅದೇ ಹಳೇ ಮನುಷ್ಯ," ಅಂದರು ಭರೂಚಾ ಮುರುಕು ತಮಿಳಿನಲ್ಲಿ, ಕೈ ಉಜ್ಜಿಕೊಳ್ಳುತ್ತಾ. "ಏಳನೇದು ಮಾತ್ರ ಅಪ್ಪಟ ಹೊಸದು! ಯಾರು ಈ ಚೊಕ್ಕಲಿಂಗಂ?"

"ನಾನೇ ಸಾರ್," ಬಜ್ಜಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚೊಕ್ಕಲಿಂಗಂ ಗಾಬರಿಯಿಂದ ಹೇಳಿದ. "ಚಟ್ನಿ ಕಮ್ಮಿ ಆಯ್ತಾ?"

ಭರೂಚಾ ಅವನನ್ನು ತಟ್ಟೆ ಸಮೇತ ತಬ್ಬಿಕೊಂಡರು. ಶಾಲು ಬಂತು, ಹಾರ ಬಂತು, ಫೋಟೋ ಆಯಿತು. ಚೊಕ್ಕಲಿಂಗಂ ಅಷ್ಟರಲ್ಲಾಗಲೇ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿಬಿಟ್ಟಿದ್ದ. ಆಮೇಲೆ ಭರೂಚಾ ಕೈ ಕಟ್ಟಿ ನಿಂತು, "ಇನ್ನೊಮ್ಮೆ, ನನ್ನ ಮುಂದೆ," ಅಂದರು.

ಚೊಕ್ಕಲಿಂಗಂನ ಮುಖ ಬಿಳಿಚಿತು. ಏಕಾಂಬರಂ ಸರಕ್ಕನೆ ಅವನ ಬೆನ್ನ ಹಿಂದೆ ಸರಿದು, ತಟ್ಟೆಯಿಂದ ಒಂದು ಬಜ್ಜಿ ಎತ್ತಿ ದವಡೆಗೆ ಹಾಕಿ, "ಹೋಗು ಮಗನೇ..." ಅಂತ ಶುರು ಮಾಡಿದ. ಚೊಕ್ಕಲಿಂಗಂ ಬಾಯಿ ಆಡಿಸಿದ. ಪಾಪ, ಅಭ್ಯಾಸವಿಲ್ಲ. ಮಾತು ಶುರುವಾಗಿ ಎಷ್ಟೋ ಹೊತ್ತಿಗೆ ಬಾಯಿ ತೆರೆದ, ಮಾತು ಮುಗಿದ ಮೇಲೂ ಇನ್ನೂ ನಾಲ್ಕು ಸಲ ಆಡಿಸಿದ.

ಭರೂಚಾ ಚಪ್ಪಾಳೆ ತಟ್ಟಿದರು. "ಬಾಯಿ ಒಂದು ಕಡೆ, ಮಾತು ಒಂದು ಕಡೆ! ಹುಟ್ಟಾ ಡಬ್ಬಿಂಗ್ ಕಲಾವಿದ!" ಅನ್ನುತ್ತಾ ಏರ್‌ಪೋರ್ಟಿಗೆ ಹೊರಟರು.

ಕಾರು ತಿರುವಿನಲ್ಲಿ ಮರೆಯಾದ ಕೂಡಲೇ ಧನಶೇಖರನ್ ಏಕಾಂಬರಂನ ಕಿವಿ ಹತ್ತಿರ ಬಂದರು.

"ಇಪ್ಪತ್ತು ವರ್ಷ ಬಾಯಿಗೂ ಮಾತಿಗೂ ಕೂಡುತ್ತಾ ಅಂತ ನೋಡಿ ನೋಡಿ ನನ್ನ ಕಣ್ಣು ಸವೆದಿದೆ. ನನ್ನ ಮುಂದೇನೇ ಈ ಆಟನಾ?"

"ತಪ್ಪಾಯ್ತು ಸಾರ್. ತಾತನ್ನ ಬಿಡೋಕೆ ಮನಸ್ಸು ಬರಲಿಲ್ಲ."

"ಬಿಡಬೇಡಿ. ತಾತ ಇನ್ನು ಮೇಲೂ ನೀವೇ. ಆದ್ರೆ ಹೆಸರು ಚೊಕ್ಕಲಿಂಗಂದು, ಸಹಿ ಆಗಿಹೋಗಿದೆ. ದನಿ ಇದೇ ಏಳನೇ ನಂಬರಿಂದು. ಕಂತು ಕಂತನ್ನೂ ಮುಂಬಯಿಯಲ್ಲಿ ಯಂತ್ರಕ್ಕೆ ಹಾಕಿ ಹೋಲಿಸ್ತಾರಂತೆ. ಒಂದೆಳೆ ಹಳೇ ಕಡೆ ಜಾರಿದ್ರೂ ಧಾರಾವಾಹಿನೇ ಬೇರೆ ಸ್ಟುಡಿಯೋಗೆ. ನಿಮ್ಮೊಬ್ಬರ ಜೊತೆ ಮೈಥಿಲಿ, ಕೋದಂಡಂ ಎಲ್ಲರೂ ಬೀದಿಗೆ. ಗೊತ್ತಾಯ್ತಾ?"

ಗೊತ್ತಾಯಿತು. ತಾತ ಉಳಿದ, ಅಪ್ಪ ಹೋದ. ಕೋದಂಡಂಗೆ ಬಿಟ್ಟುಕೊಟ್ಟು ಆ ಮುಂಬಯಿಯವನ ಕಾಲು ಹಿಡಿದಿದ್ದರೂ ಅಪ್ಪನ ದನಿ ಉಳಿಯುತ್ತಿತ್ತೇನೋ. ತನ್ನ ಬುದ್ಧಿವಂತಿಕೆಯಿಂದಲೇ ಹೊರಗೆ ಹಾಕಿದ್ದಾಯಿತು. ಏಕಾಂಬರಂ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತ. ದವಡೆ ಸುಟ್ಟು ಬೊಬ್ಬೆ ಎದ್ದಿತ್ತು.

ಮನೆಗೆ ಬಂದಾಗ ಐದೂ ಮುಕ್ಕಾಲು. ಅಮ್ಮ ಟಿವಿ ಮುಂದೆ ಕೂತಿದ್ದರು. ತೆರೆಯ ಮೇಲೆ ತೊಕುಬೆ ತಾತ ಮೊದಲೇ ಮುದ್ರಿಸಿದ ಹಳೇ ದನಿಯಲ್ಲಿ ಹುಡುಗನಿಗೆ ಗದರುತ್ತಿದ್ದ. ಏಕಾಂಬರಂ ಅಮ್ಮನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಯಾವನೋ ಕಾರ್ಡು ಬರೆದದ್ದು, ಬಜ್ಜಿ, ಶಾಲು, ಎಲ್ಲ.

"ಮುಂದಿನ ವಾರದಿಂದ ಅಪ್ಪನ ದನಿ ಬರಲ್ಲಮ್ಮಾ. ಆ ಕಾರ್ಡು ಬರೆದವನ ಕೈಗೆ ಹುಳ ಬೀಳಾ!"

ಕೋಮಳಮ್ಮಾಳ್ ಸೆರಗಿನ ತುದಿ ಸುತ್ತುತ್ತಾ ಹೇಳಿದರು.

"ಶಾಪ ಹಾಕಬೇಡ ಕಣ್ಣಾ. ಮಹಡಿ ಮನೆ ಭಾರ್ಗವಿ ಒಂಬತ್ತನೇ ಕ್ಲಾಸು ಓದ್ತಿರೋ ಮಗು. ಕೈ ಅವಳದು, ಮಾತು ನಂದು."

"ಅಮ್ಮಾ!"

"ನಾನು ತಾತನ್ನ ತೆಗೀರಿ ಅಂತ ಎಲ್ಲೋ ಬರೆಸಿದೆ? ಒಬ್ಬನೇ ಮೂರು ಮಾತಾಡ್ತಾನೆ, ರಾಕ್ಷಸ ಮತ್ತೆ ನಾಯಿನ ಬೇರೆಯವರಿಗೆ ಕೊಡಿ, ತಾತ ಒಬ್ಬ ಅವನ ಹತ್ರ ಇರಲಿ ಅಂತ ಬರೆಸಿದ್ದು. ನನಗೆ ಕಿವಿ ಇಲ್ವೇನೋ? ಐವತ್ತು ವರ್ಷ ಸಂಸಾರ ಮಾಡಿದ ಗಂಡಸಿನ ದನಿ. ಅವರು ಮರ್ಯಾದೆಯಾಗಿ ಬುದ್ಧಿ ಹೇಳ್ತಾ ಇರ್ತಾರೆ, ನಾನು ಕೈ ಮುಗಿದು ಕೇಳ್ತಾ ಇರ್ತೀನಿ. ಮರುಗಳಿಗೆ ನಾಯಿ ಬಂದು ಅವರ ದನಿಯಲ್ಲೇ ಮೂಳೆ ಕೇಳುತ್ತೆ. ನನಗೆ ಹೇಗಾಗಬೇಡ?"

"ನನಗೇ ಒಂದು ಮಾತು ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ ನಗ್ತೀಯ. ಕಂಪನಿಯವರು ಹೇಳಿದ್ರೆ ಕೇಳ್ತೀಯ ಅಂದುಕೊಂಡೆ."

ಏಕಾಂಬರಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅವನ ಹನ್ನೊಂದು ಜನರಲ್ಲಿ ಒಬ್ಬನಿಗೂ ಇಂಥ ಹೊತ್ತಲ್ಲಿ ಆಡುವ ಮಾತು ಗೊತ್ತಿರಲಿಲ್ಲ.

"ಈಗ ನಿಮ್ಮಪ್ಪನ ದನಿ ಇನ್ಯಾರ ಹತ್ರ ಉಳೀತು?" ಅಂದರು ಅಮ್ಮ ಸಣ್ಣಗೆ.

"ರಾಕ್ಷಸನ ಹತ್ರ. ಮತ್ತೆ ನಾಯಿ ಹತ್ರ."

"ರಾಕ್ಷಸ ಎಲ್ಲಿವರೆಗೂ ಇರ್ತಾನೆ?"

"ಮುಂದಿನ ತಿಂಗಳು ತಲೆ ಹೋಗುತ್ತಮ್ಮಾ."

"ನಾಯಿ?"

"ನಾಯಿಗೇನೂ ಆಗಲ್ಲ. ಕೊನೇ ಕಂತಿನವರೆಗೂ ಇರುತ್ತೆ."

ಅಷ್ಟರಲ್ಲಿ ತೆರೆಯ ಮೇಲೆ ನಾಯಿ ಬಾಲ ಅಲ್ಲಾಡಿಸುತ್ತಾ ಓಡಿಬಂತು. ಏಕಾಂಬರಂ ನಾಚಿಕೆಯಿಂದ ರಿಮೋಟು ಎತ್ತಿ ದನಿ ಸಣ್ಣ ಮಾಡಿದ. ಕೋಮಳಮ್ಮಾಳ್ ಅವನ ಕೈ ಮೇಲೆ ಒಂದು ಏಟು ಹಾಕಿದರು. ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡು ಕೈ ಮುಗಿದು ಕೂತರು.

"ಜೋರಾಗಿ ಇಡೋ," ಅಂದರು. "ನಿಮ್ಮಪ್ಪ ಬೊಗಳೋದು ಕೇಳಿಸ್ತಿಲ್ಲ."