ಉಕ್ಕಡಗಾತ್ರಿಯಲ್ಲಿ ಕಾರಿನ ಜಳಕ

ಹಾವೇರಿಗೆ ವರ್ಗವಾದಾಗ ನನಗಿದ್ದದ್ದು ಎರಡೇ ದಾರಿ: ಅಲ್ಲೊಂದು ರೂಮು ಹಿಡಿದು ಒಬ್ಬನೇ ಬೇಯಿಸಿಕೊಂಡು ತಿನ್ನುವುದು, ಇಲ್ಲವೇ ದಾವಣಗೆರೆಯಿಂದ ದಿನಾ ಓಡಾಡುವುದು. ಹೆಂಡತಿ ಶಾರದಾ ಮತ್ತು ಮಗಳನ್ನು ಬಿಟ್ಟು ಒಂದು ರಾತ್ರಿಯೂ ಇರಲಾರದ ಪ್ರಾಣಿ ನಾನು. ಆದಕಾರಣ ಪೆಟ್ರೋಲು, ಡೀಸೆಲ್ಲು, ಗ್ಯಾಸುಗಳ ಕುರಿತು ಸಮಗ್ರ ಅಧ್ಯಯನ ಕೈಗೊಂಡು, ಖರ್ಚು ಕಡಿಮೆಯೆಂದು ಹಳೆಯ ಎಲೆಕ್ಟ್ರಿಕ್ ಕಾರೊಂದನ್ನು ಆರಿಸಿದೆ. ನಮ್ಮ ವಿದ್ಯಾನಗರ ಬಡಾವಣೆಯಲ್ಲಿ ನನ್ನಂಥ ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ತೀರ್ಮಾನಿಸಿಯೂ ಬಿಟ್ಟೆ!

ಮಾರಿದವರು ಗುತ್ತೂರಿನ ನಿವೃತ್ತ ಮೇಷ್ಟ್ರು. ಕೀಲಿ ಕೊಡುವಾಗ ಕಾರಿನ ಬೆನ್ನು ಸವರಿ, "ಮಗಳ ಹಂಗೆ ನೋಡ್ಕಂಡೀನಿ, ಜ್ವಾಪಾನ್ರಿ" ಅಂದರು.

ಮಾರನೆಯ ಬೆಳಗ್ಗೆ ಹೊರಗೆ ಬಂದರೆ, ಬಾಗಿಲು ಹಾಕಿದ್ದ ಕಾರಿನೊಳಗೆ ಬುಸ್ ಎಂದು ಗಾಳಿಯ ಸದ್ದು. ಒಳಗೆ ಯಾರೂ ಇಲ್ಲ. ಕೀಲಿ ನನ್ನ ಕೈಯಲ್ಲಿತ್ತು. ಬಾಗಿಲು ತೆಗೆದರೆ ಸೀಟು ಹೆಣದಷ್ಟು ತಣ್ಣಗೆ. ಏಸಿ ಓಡುತ್ತಿತ್ತು. ಕರೆಂಟು ಉಳಿಸಲು ನಾನು ಏಸಿಯ ಗುಂಡಿ ಮುಟ್ಟಿದವನೇ ಅಲ್ಲ!

ಸಂಜೆ ಆಫೀಸಿನಿಂದ ಹೊರಬಿದ್ದೆ. ದೂರದಿಂದಲೇ ಕಾರು ದೀಪ ಮಿಟುಕಿಸಿತು. ನಿಂತೆ. ಅದು ಮೆಲ್ಲಗೆ ಹಾರನ್ನು ಹೊಡೆಯಿತು, ಬಾ ಎನ್ನುವ ಹಾಗೆ.

ದಿನವೂ ಇದೇ ಆಯಿತು. ಮುಂಜಾನೆಯ ಮಂಜಿನಲ್ಲಿ ಹರಿಹರದ ಸೇತುವೆ ದಾಟುವಾಗ, ಇಂಜಿನ್ನಿನ ಸದ್ದಿಲ್ಲದ ಆ ಕಾರಿನಲ್ಲಿ ನನ್ನ ಉಸಿರಿನ ಜೊತೆ ಇನ್ನೊಂದು ಉಸಿರು ಕೇಳಿಸತೊಡಗಿತು. ಹಿಂದಿನ ಸೀಟನ್ನು ನಾನು ನೋಡಲಿಲ್ಲ. ಧೈರ್ಯವಿದ್ದರೆ ತಾನೇ ನೋಡುವುದು?

"ಮೇಷ್ಟ್ರಿಗೊಂದು ಫೋನ್ ಮಾಡಿ ಕೇಳ್ರಿ" ಅಂದಳು ಶಾರದಾ.

"ಏನಂತ ಕೇಳ್ಲಿ? ನಿಮ್ಮ ಕಾರಿಗೆ ದೆವ್ವ ಐತೇನ್ರೀ ಅಂತಲಾ?"

ಪಕ್ಕದ ಮನೆಯ ರುದ್ರಮ್ಮ ಕಾಂಪೌಂಡಿನಾಚೆಯಿಂದಲೇ ಪರಿಹಾರ ಸೂಚಿಸಿದರು. "ಗಾಳಿ ಸೋಕೈತ್ರಿ. ಉಕ್ಕಡಗಾತ್ರಿಗೆ ಒಯ್ದು ಹೊಳಿಯಾಗ ಜಳಕ ಮಾಡಿಸ್ರಿ. ಅಲ್ಲಿ ಅಜ್ಜಯ್ಯನ ಗುಡಿ ಮುಂದೆ ಎಂಥಾ ದೆವ್ವಾನೂ ನಿಲ್ಲಂಗಿಲ್ಲ."

ಭಾನುವಾರ ಹೊರಟೇಬಿಟ್ಟೆ. ಹೊಳೆಯ ದಂಡೆಯಲ್ಲಿ ಗಾಳಿ ಸೋಕಿದ ಹೆಂಗಸರು ತಲೆಗೂದಲು ಬಿಟ್ಟುಕೊಂಡು ತೂಗುತ್ತಿದ್ದರು. ನಾನು ಕಾರನ್ನು ಹಿಮ್ಮುಖವಾಗಿ ನೀರಿಗಿಳಿಸಿ, ಬಾನೆಟ್ಟು ತೆಗೆದು, ಬಿಂದಿಗೆಯಿಂದ ನೀರು ಸುರಿಯತೊಡಗಿದೆ. ತೂಗುತ್ತಿದ್ದವರೆಲ್ಲ ಒಮ್ಮೆಗೇ ನಿಂತು ನನ್ನನ್ನೇ ದಿಟ್ಟಿಸಿದರು. ಅವರಲ್ಲೊಬ್ಬಳು ಹತ್ತಿರ ಬಂದು ಮೆತ್ತಗೆ ಕೇಳಿದಳು:

"ಯಾರಿಗ್ರೀ ಹಿಡದಿರೋದು?"

"ಕಾರಿಗವ್ವ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ದೂರ ಸರಿದು ನಿಂತಳು.

ಆಗ ಕಾರು ಕೆಸರಿನಲ್ಲಿ ಜಾರಿತು. ನೀರು ಸೀಟಿನವರೆಗೆ ಏರಿತು. ದೀಪಗಳೆಲ್ಲ ಹತ್ತಿಕೊಂಡವು. ಹಾರನ್ನು ಉದ್ದಕ್ಕೆ ಕೂಗಿ, ಸಣ್ಣಗಾಗಿ, ನಿಂತೇ ಹೋಯಿತು. ದೆವ್ವ ಬಿಟ್ಟು ಹೋಯಿತು ಎಂದು ಕೈ ಮುಗಿದೆ.

ಫೋನು ಬಡಿದುಕೊಂಡಿತು. ಗುತ್ತೂರಿನ ಮೇಷ್ಟ್ರು!

"ಸಾರ್, ಆರಾಮಿದೀರಾ? ಗಾಡಿ ಯಾಕೋ ನನ್ನ ಮೊಬೈಲ್ನಾಗೆ ಕಾಣವಲ್ದು. ಗಾಡಿ ನಡಸೋ ಆ್ಯಪು ಮೊಬೈಲ್ನಿಂದ ತೆಗೀಬೇಕಂತ ಮಾಡಿದ್ದೆ, ಮನಸಾಗ್ಲಿಲ್ಲ ನೋಡ್ರಿ. ನೀವು ಕೂಡ್ರೋ ಹೊತ್ತಿಗೆ ತಂಪಾಗಿರ್ಲಿ ಅಂತ ದಿನಾ ಇಲ್ಲಿಂದ್ಲೇ ಏಸಿ ಹಾಕ್ತಿದ್ದೆ. ಸಂಜಿಗೆ ಆಫೀಸ್ ಬಿಡೋ ಹೊತ್ತಿಗೆ ಒಂದ್ಸಲ ಲೈಟ್ ಹಾಕಿ, ಹಾರನ್ ಮಾಡಿ ಮಾತಾಡಿಸ್ತಿದ್ದೆ. ತೊಂದ್ರೆ ಏನಾಗಿಲ್ಲಲ್ಲ?"

ಏನೂ ಇಲ್ಲ ಮೇಷ್ಟ್ರೇ ಎಂದೆ. ಕಾರು ಮೊಣಕಾಲುದ್ದ ಕೆಸರಿನಲ್ಲಿತ್ತು.

ಅದು ಮತ್ತೆ ಮೇಲೇಳಲಿಲ್ಲ. ಈಗ ಹಾವೇರಿಯ ರೂಮಿನಲ್ಲಿ ಒಬ್ಬನೇ ಅನ್ನಕ್ಕಿಟ್ಟುಕೊಂಡು ಕೂರುತ್ತೇನೆ. ಮೊನ್ನೆ ಫೋನಿನಲ್ಲಿ ಮಗಳು ಕೇಳಿದಳು: "ಅಪ್ಪಾ, ದೆವ್ವ ಬಿಡ್ತಲ್ಲ, ಇನ್ನೂ ಯಾಕ ಮನಿಗೆ ಬರವಲ್ಲಿ?"