ನನ್ನ ಸೊಂಟ, ಊರವರ ಟೇಪು

ಮದುವೆ ನಿಶ್ಚಯವಾಗುವವರೆಗೆ ನನಗೊಂದು ಸೊಂಟ ಉಂಟು ಎಂಬುದು ಯಾರಿಗೂ ನೆನಪಿರಲಿಲ್ಲ. ನಿಶ್ಚಿತಾರ್ಥದ ಮರುದಿನದಿಂದ ಅದು ಎಲ್ಲರದ್ದಾಯಿತು. ಆ ಮೂರು ತಿಂಗಳಲ್ಲಿ ನಡೆದದ್ದನ್ನು ಹೇಳಿದರೆ ಕೆಲವರು ಸುಳ್ಳು ಅನ್ನುತ್ತಾರೆ. ಅನ್ನಲಿ. ಹೊಟ್ಟೆ ನನ್ನದು, ಕಥೆಯೂ ನನ್ನದು.

೧. ಉಡುಗೊರೆ

ಸೀವುಡ್ಸ್‌ನ ಚಿಕ್ಕಮ್ಮ ಡೊಂಬಿವಲಿಯ ನಮ್ಮ ಮನೆಗೆ ಬಂದವರು ಚೀಲದಿಂದ ಎರಡು ವಸ್ತು ತೆಗೆದರು. ಒಂದು, ರಿಸೆಪ್ಷನ್ನಿಗೆಂದು ಕೊಂಡ ಲೆಹೆಂಗಾ. ಇನ್ನೊಂದು, ಒಳಗೆ ಸ್ಟೀಲ್ ಕಡ್ಡಿ, ಮುಂದೆ ಮೂರು ಸಾಲು ಹುಕ್ಕು, ಅದರ ಮೇಲೊಂದು ವೆಲ್ಕ್ರೋ ಪಟ್ಟಿ ಇದ್ದ, ಸೊಂಟಕ್ಕೆ ಬಿಗಿಯುವ ಕಪ್ಪು ಕಾರ್ಸೆಟ್. ನನ್ನ ಸೊಂಟ ಮೂವತ್ತಾರು, ಲೆಹೆಂಗಾ ಮೂವತ್ತೆರಡು. ದೊಡ್ಡದೇ ತರಬಹುದಿತ್ತಲ್ಲ ಎಂದು ಅಮ್ಮ ಕೇಳಿದರು. ದೊಡ್ಡದರಲ್ಲಿ ಆ ಬಣ್ಣ ಇರಲಿಲ್ಲವಂತೆ. ದಿನಕ್ಕೆ ಎಂಟು ಗಂಟೆ ಇದನ್ನು ಬಿಗಿದರೆ ಸೊಂಟ ತಾನಾಗಿ ಬುದ್ಧಿ ಕಲಿಯುತ್ತದೆ ಎಂದರು ಚಿಕ್ಕಮ್ಮ.

ಕಲ್ಯಾಣದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕೂತ ಅಪ್ಪ ಕಾರ್ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಇಡ್ಲಿ ಹಿಟ್ಟಿಗೂ ಉಬ್ಬಲಿಕ್ಕೆ ಅಂತ ಪಾತ್ರೆಯಲ್ಲಿ ಸ್ವಲ್ಪ ಜಾಗ ಬಿಡ್ತೇವೆ," ಎಂದು ಹೇಳಿ, ಅದನ್ನು ಕುರ್ಚಿಯ ಮೇಲಿಟ್ಟು ಸ್ನಾನಕ್ಕೆ ಹೋದರು.

೨. ಒಂದೇ ದಿನದಲ್ಲಿ

ನನ್ನ ಆಫೀಸು ಬೇಲಾಪುರದಲ್ಲಿ. ಲೋಕಲ್ ರೈಲಿನಲ್ಲಿ ಠಾಣೆ ಊರಿಗೆ ಹೋಗಿ ಅಲ್ಲಿ ಗಾಡಿ ಬದಲಿಸಬೇಕು. ಮೊದಲ ದಿನ ಹುಮ್ಮಸ್ಸಿನಲ್ಲಿ ಕೊನೆಯ ಸಾಲಿನ ಹುಕ್ಕಿಗೇ ಬಿಗಿದುಕೊಂಡು ಹೊರಟೆ. ಠಾಣೆಯ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಉಸಿರು ಗಂಟಲಲ್ಲಿ ನಿಂತಿತ್ತು. ಲೇಡೀಸ್ ಡಬ್ಬಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಬೆವರುತ್ತ ನಿಂತವಳನ್ನು ಕಂಡು ಮೂವರು ಹೆಂಗಸರು ಒಟ್ಟಿಗೇ ಎದ್ದು ಸೀಟು ಕೊಟ್ಟರು. ಏಳು ವರ್ಷದಲ್ಲಿ ಆ ಗಾಡಿಯಲ್ಲಿ ನನಗೆ ಒಬ್ಬರೂ ಎದ್ದು ಕೊಟ್ಟವರಿಲ್ಲ. ಒಬ್ಬಾಕೆ ನನ್ನ ಬೆನ್ನು ಸವರಿ, ಎಷ್ಟು ತಿಂಗಳಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಕಾರ್ಸೆಟ್ಟು ಕೈಗೆ ತಗಲಿ ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡು, ಇವತ್ತೇ ಮೊದಲ ದಿನ ಎಂದೆ.

ಸಂಜೆ ಮನೆಗೆ ಬಂದು ಬೆವರಿನ ಕಾರ್ಸೆಟ್ಟನ್ನು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದೆ. ಪಕ್ಕದ ಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಅಮ್ಮನನ್ನು ಬಾಗಿಲಿಗೆ ಕರೆದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಅವರ ಸೊಸೆಗೂ ಹೆರಿಗೆಯಾದ ಮೇಲೆ ಇಂಥದ್ದೇ ಕಟ್ಟಿದ್ದರಂತೆ. ನಿಮ್ಮ ಮನೆಯಲ್ಲಿ ಯಾರಿಗೆ ಹೆರಿಗೆಯಾಯಿತು, ನಮಗೆ ತಿಳಿಸಲೇ ಇಲ್ಲವಲ್ಲ ಎಂದು ಬೇಸರವನ್ನೂ ಮಾಡಿಕೊಂಡರು.

ಮದುವೆಗೆ ಇನ್ನೂ ಮೂರು ತಿಂಗಳಿತ್ತು. ಬೆಳಿಗ್ಗೆ ಬಸುರಿಯಾದವಳು ನಾನು, ಸಂಜೆಗೆ ಬಾಣಂತಿ.

೩. ಕುಂಯ್

ನಮ್ಮ ಆಫೀಸಿನ ಕಟ್ಟಡದಲ್ಲಿ ಹೊಸದಾಗಿ ತಪಾಸಣೆ ಶುರುವಾಗಿತ್ತು. ಬಾಗಿಲಲ್ಲಿ ನಿಂತ ಸೆಕ್ಯುರಿಟಿ ಹೆಂಗಸು ಕೋಲಿನಂಥ ಯಂತ್ರವನ್ನು ನನ್ನ ಮೈಮೇಲೆ ಆಡಿಸಿದಳು. ಭುಜದಲ್ಲಿ ಸುಮ್ಮನಿದ್ದ ಯಂತ್ರ ಹೊಟ್ಟೆಗೆ ಬಂದದ್ದೇ ಕುಂಯ್ ಅಂದಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಅಷ್ಟರಲ್ಲಿ ಅಮ್ಮನ ಫೋನು ಬಂತು; ಆಮೇಲೆ ಮಾಡ್ತೇನೆ ಎಂದು ಕನ್ನಡದಲ್ಲಿ ಹೇಳಿ ಇಟ್ಟೆ. ಸೆಕ್ಯುರಿಟಿಯವಳ ಮುಖ ಅರಳಿತು. ಆಕೆ ಕಲಬುರಗಿ ಕಡೆಯವಳು.

"ಹೊಟ್ಟಿಗೆ ಏನ್ ಕಟ್ಗೊಂಡೀರಿ ಅಕ್ಕಾರ?"

ಮದುವೆ, ಲೆಹೆಂಗಾ, ಮೂವತ್ತೆರಡು ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದೆ. ಆಕೆ ಎರಡು ಬೆರಳಿನಿಂದ ಸ್ಟೀಲ್ ಕಡ್ಡಿಯನ್ನು ತಟ್ಟಿ ನೋಡಿದಳು.

"ನಮ್ಮ ಕಡೆ ಕೂಳಿಲ್ಲದವ್ರು ಹೊಟ್ಟಿಗೆ ತಣ್ಣೀರ ಬಟ್ಟಿ ಕಟ್ಕೋತಾರ. ನೀವು ಉಂಡು ಕಬ್ಬಿಣ ಕಟ್ಗೊಂಡೀರಲ್ರೀ," ಎಂದು ಒಳಗೆ ಬಿಟ್ಟಳು.

ಇಡೀ ದಿನ ಕೆಲಸ ಸಾಗಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ. ಉಂಡವಳು ಯಾಕೆ ಕಟ್ಟಿಕೊಳ್ಳಬೇಕೆಂದು ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಅದೇ ಚುಚ್ಚಿತು.

೪. ಅತ್ತೆ ಮನೆಯ ಬಾತ್‌ರೂಮು

ಮದುವೆಗೆ ತಿಂಗಳಿರುವಾಗ ಅತ್ತೆಯಾಗುವವರು ಠಾಣೆಯ ತಮ್ಮ ಮನೆಗೆ ಊಟಕ್ಕೆ ಕರೆದರು. ನೀರುದೋಸೆ, ಕೋಳಿ ಸಾರು, ಬಂಗುಡೆ ಫ್ರೈ. ಒಂದು ದೋಸೆ ಇಳಿಯುವಷ್ಟರಲ್ಲಿ ಕಾರ್ಸೆಟ್ಟು ಇನ್ನು ಜಾಗವಿಲ್ಲ ಎಂದಿತು. ಸಾಕು ಎಂದೆ. ಅವರ ಮುಖ ಬಾಡಿತು. ಬೆಳಿಗ್ಗೆಯೇ ಎದ್ದು ಮಸಾಲೆ ಅರೆದಿದ್ದರಂತೆ, ಉಪ್ಪು ಹೆಚ್ಚಾಯಿತೇ ಎಂದು ಮಗನನ್ನು ಕೇಳಿದರು.

ಅದನ್ನು ನೋಡಲಿಕ್ಕೆ ಆಗಲಿಲ್ಲ. ಬಾತ್‌ರೂಮಿಗೆ ಹೋಗಿ ಹುಕ್ಕು ಒಂದೊಂದಾಗಿ ಬಿಚ್ಚಿ, ಕಾರ್ಸೆಟ್ಟನ್ನು ಸುರುಳಿ ಸುತ್ತಿ ಬ್ಯಾಗಿಗೆ ತುರುಕಿದೆ. ಒಂದು ದೊಡ್ಡ ಉಸಿರೆಳೆದೆ, ಬಹಳ ದಿನಗಳ ಮೇಲೆ ಬಂಗುಡೆಯ ಪರಿಮಳ ಹೊಟ್ಟೆಯವರೆಗೆ ಹೋಯಿತು. ಹೊರಗೆ ಬಂದು ಎಂಟು ದೋಸೆ ತಿಂದೆ. ಅತ್ತೆ ಬಡಿಸಿ ಬಡಿಸಿ ಕೊನೆಗೆ ಸೌಟು ಹಿಡಿದು ನಿಂತೇಬಿಟ್ಟರು.

"ನಮ್ಮ ಬಾತ್‌ರೂಮಿನಲ್ಲಿ ಎಂತ ಉಂಟು ಮಾರಾಯ್ತಿ? ನಾಳೆಯಿಂದ ಇವನ ಅಪ್ಪನನ್ನೂ ಊಟಕ್ಕೆ ಮೊದಲು ಕಳಿಸ್ತೇನೆ."

೫. ಅಳತೆ

ಕಾರ್ಸೆಟ್ಟನ್ನು ಮತ್ತೆ ಮೈಗೆ ಹಾಕಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಫೋಟೊ ಜನ್ಮವಿಡೀ ಇರುತ್ತದೆ, ಜನ ಏನನ್ನುತ್ತಾರೆ ಎಂದರು. ಜನ್ಮವಿಡೀ ಇರುವ ಫೋಟೊದಲ್ಲಿ ನಾನೇ ಇರಬೇಕು ಚಿಕ್ಕಮ್ಮಾ ಎಂದೆ. ಅಮ್ಮ ಅಡುಗೆಮನೆಯಿಂದ ಬಂದು ಲೆಹೆಂಗಾವನ್ನು ಮಡಚಿ ನನ್ನ ಕೈಗಿಟ್ಟರು.

ವಿಠ್ಠಲವಾಡಿಯ ಟೈಲರನ ಹತ್ತಿರ ಒಯ್ದು, ಎರಡೂ ಬದಿ ಬಿಚ್ಚಿ ಬಟ್ಟೆ ಸೇರಿಸಿ, ಅಳತೆ ಮಾತ್ರ ಹೊಟ್ಟೆ ತುಂಬಿದಾಗಿನದ್ದಿರಲಿ ಎಂದೆ. ಆತ ಟೇಪು ಕೊರಳಿಂದ ತೆಗೆದು ಗಂಭೀರವಾಗಿ ಕೇಳಿದ, ಮನೆಯ ಊಟದ ಅಳತೆಯೋ, ಮದುವೆ ಊಟದ್ದೋ ಎಂದು.

೬. ಮುಹೂರ್ತ

ಡೊಂಬಿವಲಿಯ ಹಾಲೊಂದರಲ್ಲಿ ಮದುವೆ. ಅಂತರಪಟ ಸರಿಸಿ, ಹಾರ ಬದಲಾಯಿಸಿ, ನಾನು ಮಣೆಯ ಮೇಲೆ ಕೂತೆ. ಇನ್ನು ಅವನು ಬಗ್ಗಿ ಕರಿಮಣಿ ಕಟ್ಟಬೇಕು. ಅವನು ಕರಿಮಣಿ ಹಿಡಿದು ಗರುಡಗಂಬದಂತೆ ನಿಂತಿದ್ದ. ಪುರೋಹಿತರು ಬಗ್ಗಿ ಎಂದರು. ಅವನು ಕುತ್ತಿಗೆಯನ್ನಷ್ಟೇ ಬಗ್ಗಿಸಿದ. ಇನ್ನೂ ಬಗ್ಗಿ ಎಂದರು. ಅವನ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರಿಳಿಯಿತು. ಹುಡುಗನಿಗೆ ಮನಸ್ಸಿಲ್ಲವೇನೋ ಎಂದು ಹೆಂಗಸರ ಕಡೆಯಿಂದ ಗುಸುಗುಸು ಶುರುವಾಯಿತು. ಅಪ್ಪ ಎದ್ದು ನಿಂತರು.

ಆದರೆ ಅವನ ಆ ನಿಲುವು, ಆ ಮೇಲುಸಿರು ನನಗೆ ಚೆನ್ನಾಗಿ ಗೊತ್ತಿದ್ದದ್ದು. ಎದ್ದು ಅವನ ಕಿವಿಯಲ್ಲಿ ಕೇಳಿದೆ.

"ಎಷ್ಟನೇ ಹುಕ್ಕು?"

"ಕೊನೇದು," ಎಂದ. ನಾನು ಸೊಂಟ ಇಳಿಸುತ್ತಿದ್ದೇನೆಂದು ಚಿಕ್ಕಮ್ಮ ಅವನ ಅಕ್ಕನಿಗೆ ಹೇಳಿದ್ದರಂತೆ. ಹುಡುಗಿಯ ಪಕ್ಕದಲ್ಲಿ ನೀನು ಡ್ರಮ್ಮಿನ ಹಾಗೆ ಕಾಣ್ತೀಯ ಎಂದು ಅಕ್ಕ ಅವನಿಗೂ ಒಂದು ತರಿಸಿಕೊಟ್ಟಿದ್ದಳು. ರೇಷ್ಮೆ ಜುಬ್ಬದ ಒಳಗೆ ಪಾಪ ಉಸಿರು ಕಟ್ಟಿ ನಿಂತಿದ್ದ.

ಅಂತರಪಟವನ್ನು ಜನರಿಗೆ ಅಡ್ಡವಾಗಿ ಮತ್ತೆ ಹಿಡಿಸಿ ಎಂದು ಪುರೋಹಿತರಿಗೆ ಹೇಳಿದೆ. ಶಾಸ್ತ್ರದಲ್ಲಿ ಹಾಗಿಲ್ಲವಮ್ಮಾ ಎಂದರು. ವರ ಬಗ್ಗದಿರುವುದೂ ಶಾಸ್ತ್ರದಲ್ಲಿಲ್ಲ ಎಂದೆ. ಹಿಡಿಸಿದರು. ಅದರ ಮರೆಯಲ್ಲಿ ಅವನ ಜುಬ್ಬ ಎತ್ತಿ ಕೈ ಹಾಕಿದೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪುರೋಹಿತರ ಶಾಲಿಗೆ ಸಿಕ್ಕಿಸಿದ್ದ ಮೈಕನ್ನು ಮಾತ್ರ ಇಬ್ಬರೂ ಮರೆತಿದ್ದೆವು. ಇಡೀ ಹಾಲಿಗೆ ಮೊದಲು ವೆಲ್ಕ್ರೋ ಚರ್ರೆಂದದ್ದು ಕೇಳಿತು, ಹಿಂದೆಯೇ ನನ್ನ ಗಂಡನಾಗುವವನು "ಅಬ್ಬಾ, ದೇವರೇ" ಎಂದು ಉಸಿರು ಬಿಟ್ಟದ್ದು.

ನಾಲ್ಕು ನೂರು ಜನ ಉಸಿರು ಬಿಗಿಹಿಡಿದು ಕೂತರು. ಪುರೋಹಿತರು ಅಂತರಪಟದ ಮೇಲಿಂದ ಇಣುಕಲಿಲ್ಲ, ಮುಖದ ಒಂದು ಗೆರೆಯೂ ಅಲುಗಲಿಲ್ಲ. ಪಂಚಾಂಗ ಮಡಚಿ ಮೈಕಿನಲ್ಲೇ ಹೇಳಿದರು.

"ಬಿಚ್ಚಿ ಆಯಿತಲ್ಲ? ಇನ್ನು ಕಟ್ಟುವ."